ಕ್ಲಚ್ ಹಿಡಿದರೆ ನಿಲ್ಲುವ ಸದ್ದು

ತಂಗಿಯ ಮಗಳ ನಿಕಾಹ್‌ನ ಆಮಂತ್ರಣ ಪತ್ರಗಳು ಅಚ್ಚಾಗಿ ಮನೆಗೆ ಬಂದ ವಾರವೇ ನಮ್ಮ ಗಾಡಿಯ ಎಂಜಿನ್ ಸದ್ದು ಮಾಡತೊಡಗಿತು. ಇದು 2025ರ ಜನವರಿಯ ಮಾತು. ಕಾರ್ಡನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಆಯಿತಲ್ಲ ಎಂದು ಮಗಳು ಹೇಳುತ್ತಾಳೆ. ಆದರೆ ನಮ್ಮ ಕಡೆ ಹಿರಿಯರ ಮನೆಗೆ ಹೋಗಿ, ಕೈಗೆ ಕಾಗದ ಕೊಟ್ಟು, ಒಂದು ಲೋಟ ಚಹಾ ಕುಡಿದು ಬಾರದಿದ್ದರೆ ಮದುವೆಗೆ ಕರೆದಂತೆ ಆಗುವುದಿಲ್ಲ. ಸಂಡೂರಿನಲ್ಲಿ ನನ್ನ ನಾದಿನಿ ಇದ್ದಾರೆ. ಕಮಲಾಪುರದಲ್ಲಿ ನಮ್ಮ ಮನೆಯವರ ಹಳೆಯ ಗೆಳೆಯರು, ಕಂಪ್ಲಿಯಲ್ಲಿ ನನ್ನ ಮಾಮು. ಹೊಸಪೇಟೆಯ ಚಿತ್ತವಾಡ್ಗಿಯಿಂದ ಹೊರಟರೆ ಸಂಡೂರು ಒಂದು ದಿಕ್ಕು, ಕಮಲಾಪುರ, ಹಂಪಿ, ಕಂಪ್ಲಿ ಇನ್ನೊಂದು ದಿಕ್ಕು. ಎರಡೂ ಕಡೆ ಸುಮಾರು ಮೂವತ್ತು ಕಿಲೋಮೀಟರಿನ ಹಾದಿ. ಎರಡು ದಿನದ ಕೆಲಸ.

ಗಾಡಿ ಎಂದರೆ 2010ರ ಹೀರೋ ಹೋಂಡಾ ಸ್ಪ್ಲೆಂಡರ್. ನಮ್ಮ ಮನೆಯವರು ಅದನ್ನು 2012ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡರು. ಅದಕ್ಕೆ ಮೊದಲು ಅವರು ಸಂಡೂರಿನ ಗಣಿಗಳಿಂದ ಅದಿರು ಸಾಗಿಸುವ ಟಿಪ್ಪರ್ ಓಡಿಸುತ್ತಿದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗ ಹೊಸಪೇಟೆಯೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ಕೋರ್ಟಿನ ಆ ಆದೇಶ ಬಂದ ವಾರ ನಮ್ಮ ಓಣಿಯಲ್ಲಿ ಹತ್ತಾರು ಜನ ಚಾಲಕರು ಮನೆಯ ಕಟ್ಟೆಯ ಮೇಲೆ ಕುಳಿತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೆಲವು ತಿಂಗಳು ಕಳೆದ ಮೇಲೆ ಇವರು ಸ್ಪ್ಲೆಂಡರ್ ತಂದು, ಹಿಂದೆ ತಗಡಿನ ದೊಡ್ಡ ಡಬ್ಬಿ ಕಟ್ಟಿಕೊಂಡು, ರಸ್ಕ್, ಖಾರಿ, ಬಿಸ್ಕತ್ತುಗಳನ್ನು ಹಳ್ಳಿಗಳ ಅಂಗಡಿಗಳಿಗೆ ಹಾಕತೊಡಗಿದರು. ನನ್ನ ಮದ್ರಸಾದ ಸಂಬಳದಿಂದ ಮನೆಯ ಬಾಡಿಗೆ ಸಾಗುತ್ತದೆ. ಉಳಿದದ್ದೆಲ್ಲ ಆ ಗಾಡಿಯಿಂದ.

ಸದ್ದು ಶುರುವಾದ ಮೇಲೆ ಊರಿನ ಒಬ್ಬ ಮೆಕ್ಯಾನಿಕ್ ಬಳಿ ತೋರಿಸಿದೆವು. ಅವರು ಗಾಡಿ ಚಾಲೂ ಮಾಡಿ, ಎರಡು ಸಲ ಜೋರಾಗಿ ಆಕ್ಸಿಲರೇಟರ್ ತಿರುಗಿಸಿ, "ಕನೆಕ್ಟಿಂಗ್ ರಾಡ್ ಹೋಗಿದೆ ಭಾಯ್. ಎಂಜಿನ್ ಪೂರಾ ಬಿಚ್ಚಬೇಕು. ಹನ್ನೆರಡು ಸಾವಿರ" ಎಂದರು. ಒಂದು ನಿಮಿಷವೂ ಹಿಡಿಯಲಿಲ್ಲ. ನಿಧಾನವಾಗಿ ಓಡಿಸಿದರೆ ಇನ್ನೊಂದು ಹದಿನೈದು ದಿನ ನಡೆಯಬಹುದು, ಇಲ್ಲವಾದರೆ ಗುಜರಿಗೆ ಕೊಟ್ಟುಬಿಡಿ ಎಂಬ ಸಲಹೆಯೂ ಸಿಕ್ಕಿತು. ಗಾಡಿಗೆ ಹದಿನೈದು ವರ್ಷ ತುಂಬುತ್ತಿರುವುದರಿಂದ ಅದೇ ವರ್ಷ ನೋಂದಣಿ ನವೀಕರಣದ ಖರ್ಚೂ ಇತ್ತು. ಮನೆಯಲ್ಲಿದ್ದದ್ದು ಮಗಳ ಕಾಲೇಜಿಗೆಂದು ತೆಗೆದಿರಿಸಿದ ಹದಿನಾಲ್ಕು ಸಾವಿರ ರೂಪಾಯಿ.

ಮನೆಗೆ ಬಂದ ಮೇಲೆ ಇವರು, "ಅವರು ಹೇಳಿದ್ದು ನಿಜ. ನನಗೂ ಒಳಗಿಂದ ದಪ್ಪ ಸದ್ದೇ ಕೇಳಿಸುತ್ತದೆ" ಎಂದರು.

ನಾನು, "ಒಂದೇ ಸದ್ದಲ್ಲ, ಮೂರು ಸದ್ದು ಇವೆ" ಎಂದೆ.

ಅವರು ನಕ್ಕುಬಿಟ್ಟರು. ಹೆಂಗಸರು ಗಾಡಿಯ ವಿಷಯದಲ್ಲಿ ಮಾತಾಡಿದರೆ ಗಂಡಸರು ಸಾಮಾನ್ಯವಾಗಿ ಹೀಗೆಯೇ ನಗುತ್ತಾರೆ. ಆದರೆ ಸಹೋದರಿಯರೇ, ಒಮ್ಮೆ ಯೋಚಿಸಿ ನೋಡಿ. ಗಾಡಿ ಓಡಿಸುವವರ ಗಮನ ರಸ್ತೆಯ ಮೇಲೆ, ಎದುರಿನ ಬಸ್ಸಿನ ಮೇಲೆ, ಗುಂಡಿಗಳ ಮೇಲೆ ಇರುತ್ತದೆ. ಹಿಂದೆ ಕುಳಿತವರಿಗೆ ಬೇರೆ ಕೆಲಸವಿಲ್ಲ. ನಾನು ಕಾಲುಗಳನ್ನು ಎಡಕ್ಕೆ ಹಾಕಿ ಅಡ್ಡ ಕೂರುತ್ತೇನೆ. ಹಾಗೆ ಕುಳಿತಾಗ ನನ್ನ ಬಲಗಿವಿ ಎಂಜಿನ್ನಿನ ಕಡೆಗೆ, ಎಡಗಿವಿ ಹಿಂದಿನ ಚಕ್ರದ ಕಡೆಗೆ. ಹದಿಮೂರು ವರ್ಷ ಹೀಗೆ ಕುಳಿತವಳಿಗೆ ಹೆಲ್ಮೆಟ್ ಹಾಕಿದ್ದರೂ ಗಾಡಿಯ ಧ್ವನಿ ಗೊತ್ತಾಗದೆ ಇರುತ್ತದೆಯೇ? ಅದಲ್ಲದೆ ನನ್ನ ಕಸುಬೇ ಕಿವಿಯದ್ದು. ಬಿ.ಎ. ಓದಿದ್ದು ಆಮೇಲೆ. ಮೊದಲು ಕಲಿತದ್ದು ಮತ್ತು ಇಂದಿಗೂ ಹೆಣ್ಣುಮಕ್ಕಳಿಗೆ ಕಲಿಸುತ್ತಿರುವುದು ತಜ್ವೀದ್. ಸೀನ್ ಮತ್ತು ಸ್ವಾದ್, ಕಾಫ್ ಮತ್ತು ಖಾಫ್, ಒಂದೊಂದು ಅಕ್ಷರ ಬಾಯಿಯ ಯಾವ ಜಾಗದಿಂದ ಹೊರಡುತ್ತದೆ ಎಂದು ದಿನವಿಡೀ ಕೇಳಿ ತಿದ್ದುವವಳು ನಾನು. ಸದ್ದಿಗೂ ಒಂದು ಹೊರಡುವ ಜಾಗ ಇರುತ್ತದೆ ಎಂಬುದು ನನಗೆ ಹೊಸ ಮಾತಲ್ಲ.

ಮೊದಲ ದಿನ ಸಂಡೂರು. ಬುರ್ಖಾದ ಅಂಚನ್ನು ಒತ್ತಿ ಮಡಚಿ ತೊಡೆಯ ಕೆಳಗೆ ಸೇರಿಸಿಕೊಂಡು ಕುಳಿತೆ. ಇದೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಿಂಚಕ್ರಕ್ಕೆ ಹಾಕುವ ಸೀರೆ ಗಾರ್ಡ್ ಅಂದಕ್ಕಾಗಿ ಇರುವುದಲ್ಲ. ಮೋಟಾರು ವಾಹನ ನಿಯಮದಲ್ಲೇ ಅದನ್ನು ಕಡ್ಡಾಯ ಮಾಡಿದ್ದಾರೆ. ಎಷ್ಟೋ ಹುಡುಗರು ಸ್ಟೈಲಿಗೆಂದು ಅದನ್ನು ಬಿಚ್ಚಿ ಎಸೆಯುತ್ತಾರೆ. ದುಪಟ್ಟಾ ಚೈನಿಗೆ ಸಿಕ್ಕಿ ಬಿದ್ದ ಹೆಣ್ಣುಮಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೊಸಪೇಟೆ ದಾಟಿದೊಡನೆ ರಸ್ತೆಯ ಬಣ್ಣ ಬದಲಾಗುತ್ತದೆ. ಮರದ ಎಲೆ ಕೆಂಪು, ಮೈಲುಗಲ್ಲು ಕೆಂಪು, ಅಂಗಡಿಯ ಚಪ್ಪರ ಕೆಂಪು. ಕಬ್ಬಿಣದ ಅದಿರಿನ ಧೂಳು. ಚೀನಾಕ್ಕೆ ಅದಿರು ಹೋಗುತ್ತಿದ್ದ ವರ್ಷಗಳಲ್ಲಿ ಈ ರಸ್ತೆಗಳಲ್ಲಿ ಹಗಲು ರಾತ್ರಿ ಸಾವಿರಾರು ಲಾರಿಗಳು ಓಡಾಡುತ್ತಿದ್ದವು. ಬೈಕಿನವರು ಜೀವ ಕೈಯಲ್ಲಿ ಹಿಡಿದು ಹೋಗಬೇಕಿತ್ತು. ಗಣಿಗಳು ನಂತರ ನಿಯಮಗಳೊಡನೆ ಮತ್ತೆ ತೆರೆದಿವೆ. ಲಾರಿಗಳು ಈಗಲೂ ಇವೆ, ಆದರೆ ಆ ಹುಚ್ಚು ಸಾಲು ಇಲ್ಲ.

ಗುಡ್ಡದ ಏರು ಶುರುವಾಯಿತು. ಇಲ್ಲಿಯೇ ನಾನು ಗಾಡಿಯನ್ನು ನಿಜವಾಗಿ ಕೇಳತೊಡಗಿದ್ದು. ಸ್ಪ್ಲೆಂಡರ್‌ನ ಎಂಜಿನ್ 97 ಸಿ.ಸಿ. ಚಿಲ್ಲರೆ. ಇಬ್ಬರನ್ನು ಹೊತ್ತು ಏರು ಹತ್ತುವಾಗ ಅದು ತನ್ನ ಗುಟ್ಟುಗಳನ್ನೆಲ್ಲ ಹೇಳಿಬಿಡುತ್ತದೆ. ಏರಿನ ಮಧ್ಯದಲ್ಲಿ ಎಂಜಿನ್ನಿನ ಕೂಗು ಜೋರಾಯಿತು, ಆದರೆ ಗಾಡಿ ಜೋರಾಗಲಿಲ್ಲ. ಮಿಕ್ಸಿಯ ಮೋಟಾರು ತಿರುಗಿ, ಒಳಗಿನ ಬ್ಲೇಡ್ ತಿರುಗದಿದ್ದರೆ ಹೇಗೆ ಕೇಳಿಸುತ್ತದೆಯೋ ಹಾಗೆ. ಜೊತೆಗೆ ಸುಟ್ಟ ವಾಸನೆ. ಇದಕ್ಕೆ ಕ್ಲಚ್ ಸ್ಲಿಪ್ ಎನ್ನುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು.

ಕ್ಲಚ್ ಎಂದರೇನು ಎಂಬುದನ್ನು ನಮ್ಮ ಭಾಷೆಯಲ್ಲಿ ಹೀಗೆ ಹೇಳಬಹುದು. ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿಂದ ಒತ್ತಿ ಹಿಡಿದರೆ ಇಡೀ ಕಟ್ಟು ಒಟ್ಟಿಗೆ ತಿರುಗುತ್ತದೆ. ಒತ್ತು ಸಡಿಲಿಸಿದರೆ ಒಂದೊಂದು ರೊಟ್ಟಿ ತನ್ನಷ್ಟಕ್ಕೆ ಜಾರುತ್ತದೆ. ಎಂಜಿನ್ ಮತ್ತು ಗೇರ್‌ಗಳ ನಡುವೆ ಇಂತಹ ಬಿಲ್ಲೆಗಳ ಒಂದು ಕಟ್ಟು ಇದೆ. ಒಂದು ಎಂಜಿನ್ ಕಡೆಯದು, ಒಂದು ಗೇರ್ ಕಡೆಯದು, ಹೀಗೆ ಬಿಟ್ಟು ಬಿಟ್ಟು. ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುತ್ತವೆ. ಎಡಗೈಯ ಲಿವರ್ ಹಿಡಿದಾಗ ಆ ಒತ್ತು ಬಿಡುತ್ತದೆ, ಎಂಜಿನ್ ಬೇರೆ, ಚಕ್ರ ಬೇರೆ. ಬಿಲ್ಲೆಗಳು ಸವೆದರೆ ಅಥವಾ ಕೇಬಲ್ ಬಿಗಿಯಾಗಿ ಲಿವರ್ ಸದಾ ಸ್ವಲ್ಪ ಹಿಡಿದಂತೆಯೇ ಇದ್ದರೆ ಏರಿನಲ್ಲಿ ಕಟ್ಟು ಜಾರುತ್ತದೆ. ಅದಕ್ಕೇ ಲಿವರಿನ ತುದಿಯಲ್ಲಿ ಒಂದರಿಂದ ಎರಡು ಸೆಂಟಿಮೀಟರ್‌ನಷ್ಟು ಸಡಿಲು ಇರಬೇಕು. ಬೆರಳಿನಿಂದ ಅಲುಗಿಸಿ ಯಾರೂ ನೋಡಬಹುದು.

ಏರು ಮುಗಿದು ಕಣಿವೆಯ ಇಳಿಜಾರು ಬಂತು. ನಾನು ಇವರ ಭುಜ ತಟ್ಟಿ, ಎಂಜಿನ್ ಬಂದ್ ಮಾಡದೆ ಒಂದಿಷ್ಟು ದೂರ ಕ್ಲಚ್ ಹಿಡಿದುಕೊಳ್ಳಲು ಹೇಳಿದೆ. ಹಿಡಿದರು. ಎಂಜಿನ್ ಮೆಲ್ಲಗಾಯಿತು, ಗಾಡಿ ತನ್ನ ಭಾರಕ್ಕೆ ಉರುಳಿತು. ನನ್ನ ಎಡಗಿವಿಗೆ ಬೀಳುತ್ತಿದ್ದ ಕರ್ ಕರ್ ಸದ್ದು ಮಾತ್ರ ನಿಲ್ಲಲಿಲ್ಲ, ಚಕ್ರದೊಡನೆಯೇ ಬರುತ್ತಿತ್ತು. ಅಂದರೆ ಅದು ಎಂಜಿನ್ನಿನದಲ್ಲ. ಚೈನಿನದು. ಕೆಂಪು ಧೂಳು ಎಣ್ಣೆಯ ಜೊತೆ ಕಲಸಿ ಅರೆಯುವ ಕಲ್ಲಿನ ಪುಡಿಯಂತಾಗಿತ್ತು.

"ಒಂದು ಸದ್ದಿನ ಲೆಕ್ಕ ಮುಗಿಯಿತು" ಎಂದೆ.

"ಯಾವ ಸದ್ದು?" ಎಂದರು. ಅವರಿಗೆ ಅದು ಕೇಳಿಸಿರಲೇ ಇಲ್ಲ.

ಚೈನಿನ ವಿಷಯವನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರನ್ನು ಹೊಳೆಗೆ ಬಿಡಬೇಕಾಯಿತು. ಆ ವಾರ ಹೊಸಪೇಟೆಯಿಂದ ಕಂಪ್ಲಿಯವರೆಗೆ ರೈತರ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ.

ಸಂಡೂರು ಗುಡ್ಡಗಳ ಬಟ್ಟಲಿನೊಳಗೆ ಇಟ್ಟ ಊರು. ಘೋರ್ಪಡೆ ಮನೆತನದವರ ಪುಟ್ಟ ಸಂಸ್ಥಾನವಾಗಿದ್ದ ಇದು 1949ರಲ್ಲಿ ಮದ್ರಾಸ್ ಪ್ರಾಂತಕ್ಕೆ ಸೇರಿತು. ಮಳೆಗಾಲದ ಕೊನೆಯಲ್ಲಿ ಬಂದರೆ ಎಲ್ಲೆಲ್ಲೂ ಹಸಿರು. ಜನವರಿಯಲ್ಲಿ ಹುಲ್ಲು ಒಣಗಿ ಗುಡ್ಡದ ಗಾಯಗಳು ಕಾಣುತ್ತವೆ. ನಾದಿನಿಯ ಮನೆಯಲ್ಲಿ ಊಟಕ್ಕೆ ಕುಳಿತೆವು. ಅವರ ಮೊಮ್ಮಗಳು ಲಂಬಾಣಿ ಕಸೂತಿಯ ಒಂದು ಚೀಲವನ್ನು ಮದುವೆಯ ಹುಡುಗಿಗೆಂದು ತಂದು ತೋರಿಸಿದಳು. ಕನ್ನಡಿ ಬಿಲ್ಲೆ, ಕವಡೆ, ಕೆಂಪು ನೂಲು. "ಮಾಮಾ, ಚೆನ್ನಾಗಿದೆಯಾ?" ಎಂದು ಎರಡು ಸಲ ಕೇಳಿದಳು. ಇವರು ತಟ್ಟೆ ನೋಡುತ್ತ ಊಟ ಮಾಡುತ್ತಲೇ ಇದ್ದರು. ಹುಡುಗಿಯ ಮುಖ ಸಣ್ಣಗಾಯಿತು.

ಅಡುಗೆಮನೆಯಲ್ಲಿ ನಾದಿನಿ, "ನನ್ನ ತಮ್ಮ ಮೊದಲು ಹೀಗಿರಲಿಲ್ಲ. ಈಗ ಮಕ್ಕಳು ಮಾತಾಡಿಸಿದರೂ ಉತ್ತರ ಕೊಡೋದಿಲ್ಲ. ಏನಮ್ಮಾ, ನಮ್ಮ ಮೇಲೆ ಸಿಟ್ಟೇನು?" ಎಂದರು. ನಾನು ಏನೋ ಹೇಳಿ ತೇಲಿಸಿದೆ. ನಿಜ ಹೇಳಬೇಕೆಂದರೆ ಇದೇ ದೂರು ನಮ್ಮ ಮನೆಯಲ್ಲೂ ಇತ್ತು. ಅಬ್ಬಾ ನನ್ನ ಮಾತಿಗೆ ಬೆಲೆ ಕೊಡೋದಿಲ್ಲ ಎಂದು ಮಗಳು ಎರಡು ವರ್ಷದಿಂದ ಹೇಳುತ್ತಿದ್ದಳು. ಅವಳದ್ದು ಸಣ್ಣ ದನಿ. ನಾನೂ ಇದನ್ನು ಸ್ವಭಾವ ಎಂದೇ ತಿಳಿದಿದ್ದೆ. ಕೆಲಸ ಹೋದ ಮೇಲೆ ಮನುಷ್ಯ ಒಳಗೊಳಗೇ ಮುದುಡುತ್ತಾನಲ್ಲ, ಹಾಗೆ.

ಮಾರನೆಯ ದಿನ ಕಮಲಾಪುರದ ದಾರಿ ಹಿಡಿದೆವು. ಗೆಳೆಯರ ಮನೆಯಲ್ಲಿ ಬೇಗ ಕೆಲಸ ಮುಗಿಯಿತು. ಹಂಪಿಯ ಕಡೆ ಒಂದು ಸುತ್ತು ಹೋಗಿಬರೋಣ ಎಂದು ನಾನೇ ಹೇಳಿದೆ. ಹಂಪಿ ನಮ್ಮ ಮನೆಯಿಂದ ಹದಿಮೂರು ಕಿಲೋಮೀಟರ್. ಅಷ್ಟು ಹತ್ತಿರ ಇರುವುದರಿಂದಲೇ ನಾವು ಹೋಗುವುದು ಕಡಿಮೆ. ವಿಠ್ಠಲ ದೇವಸ್ಥಾನದ ಕಡೆಗೆ ವಾಹನಗಳನ್ನು ದೂರದಲ್ಲೇ ನಿಲ್ಲಿಸುತ್ತಾರೆ. ಅಲ್ಲಿಂದ ಮುಂದಕ್ಕೆ ಬ್ಯಾಟರಿ ಗಾಡಿ, ಹಲವು ವರ್ಷಗಳಿಂದ ಅದನ್ನು ಸುತ್ತಲಿನ ಊರುಗಳ ಹೆಣ್ಣುಮಕ್ಕಳೇ ಓಡಿಸುತ್ತ ಬಂದಿದ್ದಾರೆ. ಸದ್ದೇ ಇಲ್ಲದ ಗಾಡಿ. ಅಲ್ಲಿನ ಸಂಗೀತ ಕಂಬಗಳನ್ನು ಈಗ ಯಾರೂ ಬಡಿಯುವಂತಿಲ್ಲ. ಬಡಿದೂ ಬಡಿದೂ ಕಲ್ಲಿಗೆ ಪೆಟ್ಟಾಗಿದೆ. ನಾವು ಅಲ್ಲಿಗೆ ಹೋಗಲಿಲ್ಲ. ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋಗುವ ಹಾದಿಯಲ್ಲಿ ಅಹ್ಮದ್ ಖಾನರ ಮಸೀದಿ ಇದೆ, ಅಲ್ಲಿ ನಿಲ್ಲಿಸಿದೆವು.

ಹಂಪಿಗೆ ಬರುವವರಲ್ಲಿ ಇದನ್ನು ನೋಡುವವರು ಕಡಿಮೆ. ವಿಜಯನಗರದ ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬವರು 1439ರಲ್ಲಿ ಕಟ್ಟಿಸಿದ್ದು. ತನ್ನ ದೊರೆಗೆ ಪುಣ್ಯ ಬರಲೆಂದು ಕಟ್ಟಿಸಿದೆ ಎಂದು ಶಾಸನ ಹೇಳುತ್ತದೆ, ಕಟ್ಟಡವನ್ನು ಧರ್ಮಸಾಲೆ ಎಂದು ಕರೆಯುತ್ತದೆ. ಗುಮ್ಮಟವಿಲ್ಲ, ಮಿನಾರ್ ಇಲ್ಲ. ಹಂಪಿಯ ಇತರ ಮಂಟಪಗಳಂತೆಯೇ ಕಲ್ಲುಕಂಬಗಳ ಒಂದು ಸಾಲು, ಪಕ್ಕದಲ್ಲಿ ಒಂದು ಗೋರಿಯ ಕಟ್ಟಡ. ಸುತ್ತ ಬಂಡೆ, ಮುಳ್ಳುಗಿಡ, ನಿಶ್ಶಬ್ದ.

ಆ ನಿಶ್ಶಬ್ದವೇ ನನಗೆ ಬೇಕಿತ್ತು. ಊರಿನ ಗ್ಯಾರೇಜಿನಲ್ಲಿ ಪಕ್ಕದಲ್ಲಿ ಗ್ರೈಂಡರ್, ಎದುರಿಗೆ ಬಸ್ಸಿನ ಹಾರ್ನ್; ಅಲ್ಲಿ ಎಂಜಿನ್ ಕೇಳುವುದೆಂದರೆ ಸಂತೆಯಲ್ಲಿ ಪಾಠ ಒಪ್ಪಿಸಿದಂತೆ. ಗಾಡಿಯನ್ನು ರಸ್ತೆ ಬದಿಯಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆವು. ಆಗ ತಾನೇ ಬಂದ್ ಮಾಡಿದ ಎಂಜಿನ್ನಿನಿಂದ ಟಿಣ್ ಟಿಣ್ ಎಂದು ಸದ್ದು ಬರುತ್ತಿತ್ತು. ಅದು ಕಾದ ಲೋಹ ತಣ್ಣಗಾಗುವ ಸದ್ದು, ಒಲೆಯಿಂದ ಇಳಿಸಿದ ತವದ್ದೂ ಹೀಗೆಯೇ. ಅದರಿಂದ ಹೆದರಬೇಕಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನ್ಯೂಟ್ರಲ್‌ನಲ್ಲಿ ಚಾಲೂ ಮಾಡಿಸಿದೆ. ಬಲಭಾಗದ ಕೆಳಗಿನಿಂದ ಟಕ ಟಕ ಟಕ. ದಪ್ಪ ಸದ್ದು. ಮೇಲ್ಭಾಗದಿಂದ ಹೊಲಿಗೆ ಯಂತ್ರದಂತೆ ಸಣ್ಣ ಟಿಕ್ ಟಿಕ್ ಟಿಕ್.

"ಎರಡು ಸದ್ದು ಕೇಳಿಸುತ್ತಿವೆಯಾ?" ಎಂದೆ.

"ಎರಡು ಎಲ್ಲಿ? ದಪ್ಪದ್ದು ಒಂದೇ" ಎಂದರು.

"ಈಗ ಕ್ಲಚ್ ಹಿಡಿಯಿರಿ."

ಹಿಡಿದರು. ದಪ್ಪ ಸದ್ದು ನಿಂತಿತು. ಬಿಟ್ಟರು, ಮತ್ತೆ ಬಂತು. ಹತ್ತು ಸಲ ಹೀಗೆ ಮಾಡಿಸಿದೆ. ಹತ್ತು ಸಲವೂ ಹಾಗೆಯೇ. ಇದರ ಅರ್ಥ ಆಗ ನನಗೆ ತಿಳಿದಿರಲಿಲ್ಲ. ಇದಕ್ಕೊಂದು ಅರ್ಥ ಇರಲೇಬೇಕು ಎಂದು ಮಾತ್ರ ಅನ್ನಿಸಿತು. ಇವರಿಗೂ ದಪ್ಪ ಸದ್ದು ನಿಂತದ್ದು ಗೊತ್ತಾಯಿತು. ಆದರೆ ಅದು ನಿಂತಾಗಲೂ ಉಳಿದಿದ್ದ ಆ ಟಿಕ್ ಟಿಕ್ ಅವರಿಗೆ ಕೇಳಿಸುತ್ತಿರಲಿಲ್ಲ. ಕಂಬಗಳ ನಡುವೆ ಗುಬ್ಬಿಗಳು ಕೂಗುತ್ತಿದ್ದವು. ಅದನ್ನೂ ಕೇಳಿದೆ. "ಗುಬ್ಬಿ ಎಲ್ಲಿವೆ?" ಎಂದು ಅವರು ಮೇಲೆ ನೋಡಿದರು.

ನನ್ನ ಕೈಕಾಲು ಒಂದು ಕ್ಷಣ ತಣ್ಣಗಾದವು. ಎಂಟು ವರ್ಷ ಟಿಪ್ಪರ್‌ನ ಕ್ಯಾಬಿನ್. ಗಾಜು ತೆರೆದೇ ಇರುತ್ತಿತ್ತು. ಒಂದು ಕಡೆ ಎಂಜಿನ್, ಒಂದು ಕಡೆ ಅದಿರು ತುಂಬುವ ಯಂತ್ರ, ಮೇಲೆ ಏರ್ ಹಾರ್ನ್. ದಿನಕ್ಕೆ ಹದಿನಾಲ್ಕು ಗಂಟೆ. ಆ ಗಂಟೆಗಳ ಲೆಕ್ಕವನ್ನು ನಾವು ಸಂಬಳದಲ್ಲಿ ಮಾತ್ರ ಹಾಕಿದ್ದೆವು.

ಅಲ್ಲಿಂದ ಕಂಪ್ಲಿಯ ದಾರಿ ನನಗೆ ಸದಾ ಇಷ್ಟ. ಸಂಡೂರಿನ ಕೆಂಪು ಮುಗಿದು ಇಲ್ಲಿ ಎರಡೂ ಕಡೆ ಬಾಳೆ, ಕಬ್ಬು, ಭತ್ತ. ರಾಮಸಾಗರದ ಕಡೆಯ ಕಾಲುವೆಗಳಲ್ಲಿ ವಿಜಯನಗರದ ಕಾಲದಿಂದ ನೀರು ಹರಿಯುತ್ತಿದೆ. ಎರಡನೇ ಬೆಳೆಯ ನಾಟಿ ನಡೆದಿತ್ತು. ಹೆಂಗಸರು ಸಾಲಾಗಿ ಬಾಗಿ ಸಸಿ ಊರುತ್ತ ಹಿಂದೆ ಹಿಂದೆ ಹೋಗುತ್ತಿದ್ದರು. ಆದರೆ ಅಂದು ನನಗೆ ದಾರಿಯ ಮೇಲೆ ಮನಸ್ಸಿರಲಿಲ್ಲ. ಇವರ ಬೆನ್ನ ಹಿಂದೆ ಕುಳಿತು, ಮೆಲುದನಿಯಲ್ಲಿ ಅವರ ಹೆಸರು ಕರೆದೆ. ಆಮೇಲೆ ಸ್ವಲ್ಪ ಜೋರಾಗಿ. ಗಾಳಿಯ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಕಂಪ್ಲಿ ತುಂಗಭದ್ರೆಯ ದಂಡೆಯ ಊರು. ಹೊಳೆ ತುಂಬಿದ ವರ್ಷ ಗಂಗಾವತಿಗೆ ಹೋಗುವ ಸೇತುವೆ ಮುಳುಗಿ, ಆಚೆ ಕಾಣುವ ಊರಿಗೆ ಸುತ್ತು ಹಾಕಿ ಹೋಗಬೇಕಾಗುತ್ತದೆ. ಮಾಮು ಚಹಾ ಕುಡಿಸಿ, ಕಾರ್ಡನ್ನು ಎರಡು ಸಲ ಓದಿ, ನಮ್ಮ ಗಾಡಿಯ ಕಥೆ ಕೇಳಿ ಕೂಡಲೇ ಎದ್ದರು. "ಇಲ್ಲೇ ಒಬ್ಬ ಉಸ್ತಾದ್ ಇದ್ದಾರೆ, ನಡೆಯಿರಿ" ಎಂದರು. ನಮ್ಮಲ್ಲಿ ಖುರ್‌ಆನ್ ಕಲಿಸುವವರೂ ಉಸ್ತಾದ್, ಗಾಡಿ ರಿಪೇರಿ ಮಾಡುವವರೂ ಉಸ್ತಾದ್. ಈ ಮಾತು ನನಗೆ ಮೊದಲಿನಿಂದಲೂ ಹಿಡಿಸುತ್ತದೆ.

ಅರವತ್ತು ದಾಟಿದ ಮನುಷ್ಯ. ಅವರು ಆಕ್ಸಿಲರೇಟರ್ ಮುಟ್ಟಲೇ ಇಲ್ಲ. ಮೊದಲು ಕೇಳಿದ್ದು, "ಸದ್ದು ಯಾವಾಗ ಬರುತ್ತೆ? ತಣ್ಣಗಿದ್ದಾಗ? ಕಾದ ಮೇಲೆ? ನಿಂತಾಗ? ಏರಿನಲ್ಲಿ?" ಇವರು ಸುಮ್ಮನೆ ನನ್ನ ಕಡೆ ನೋಡಿದರು. ನಾನು ಸಂಡೂರಿನ ಏರಿನಿಂದ ಮಸೀದಿಯ ಮುಂದಿನ ಪರೀಕ್ಷೆಯವರೆಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ಕ್ಲಚ್ ಹಿಡಿದರೆ ನಿಲ್ಲುತ್ತದೆ ಎಂದಾಗ ಮಾತ್ರ ತಲೆ ಎತ್ತಿದರು.

"ಹಂಗಾದ್ರ ರಾಡ್ ಅಲ್ಲ ಬಿಡ್ರಿ. ಎಂಜಿನ್ ತಿರುಗೋವರೆಗೂ ರಾಡ್ ಬಡೀತಾನೇ ಇರ್ತದ. ನೀವು ಲಿವರ್ ಹಿಡಿದ್ದು ರಾಡಿಗೆ ಗೊತ್ತಾಗೋದಿಲ್ಲ ಅಮ್ಮಾ."

ಆಮೇಲೆ ಒಂದು ಉದ್ದದ ಸ್ಕ್ರೂಡ್ರೈವರ್ ತೆಗೆದು, ಅದರ ತುದಿಯನ್ನು ಎಂಜಿನ್ನಿನ ಬಲಗಡೆಯ ಮುಚ್ಚಳಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕೇಳಿದರು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ವೈದ್ಯರ ಸ್ಟೆತಸ್ಕೋಪಿನ ಕೆಲಸವೇ ಇದು. 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಎಂಬವರು ಒಬ್ಬ ಯುವತಿಯ ಎದೆಗೆ ನೇರವಾಗಿ ಕಿವಿ ಹಚ್ಚಲು ಸಂಕೋಚಪಟ್ಟು, ಕಾಗದದ ಸುರುಳಿ ಮಾಡಿ ಅದರ ಮೂಲಕ ಕೇಳಿದರಂತೆ. ಸುರುಳಿಯಿಂದ ಸದ್ದು ಇನ್ನೂ ಸ್ಪಷ್ಟವಾಗಿ ಬಂತು. ಹೆಣ್ಣಿನ ಮರ್ಯಾದೆಯನ್ನು ಕಾಯಲು ಹೋಗಿ ಹುಟ್ಟಿದ ಸಾಧನ ಅದು.

ಉಸ್ತಾದರು ನನಗೂ ಸ್ಕ್ರೂಡ್ರೈವರ್ ಕೊಟ್ಟರು. ಮಾಮುವಿನ ಮುಂದೆ ನಾಚಿಕೆಯಾದರೂ ಕೇಳಿದೆ. ಸದ್ದುಗಳು ಒಂದೊಂದಾಗಿ ಬಿಡಿಸಿಕೊಂಡವು. ಅವರು ಹೇಳಿಕೊಟ್ಟದ್ದನ್ನು ನೆನಪಿರುವಷ್ಟು ಬರೆಯುತ್ತೇನೆ. ಬೆಳಿಗ್ಗೆ ತಣ್ಣಗಿದ್ದಾಗ ಬಂದು ಕಾದ ಮೇಲೆ ಕಡಿಮೆಯಾಗುವ ಬಡಿತ ಹೆಚ್ಚಾಗಿ ಪಿಸ್ಟನ್ನಿನದು. ಕಾದ ಮೇಲೆ, ಭಾರ ಬಿದ್ದಾಗ ಜೋರಾಗುವ ಆಳದ ಗುದ್ದು ರಾಡಿನದು. ಅದು ಬಂದರೆ ತಡಮಾಡಬಾರದು. ಎಡಗಡೆಯಿಂದ ಸರಪಳಿ ಅಲ್ಲಾಡಿಸಿದಂತೆ ಬಂದರೆ ಟೈಮಿಂಗ್ ಚೈನ್. ಮೇಲಿನ ಸಣ್ಣ ಟಿಕ್ ಟಿಕ್ ಟ್ಯಾಪೆಟ್‌ನದು, ಅದು ಸ್ವಲ್ಪ ಇರಬೇಕು. ಪೂರಾ ಸದ್ದಡಗಿಸಲು ಹೋಗಿ ಬಿಗಿ ಮಾಡಿದರೆ ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ. "ಮಾತಾಡೋ ಟ್ಯಾಪೆಟ್ ಒಳ್ಳೇದು, ಸುಮ್ಮನಾದದ್ದು ಕೆಟ್ಟದ್ದು" ಎಂದರು. ಕ್ಲಚ್ ಹಿಡಿದಾಗ ಮಾತ್ರ ಬರುವ ಕಿರ್ ಸದ್ದು ಅದರ ಬೇರಿಂಗಿನದು. ಹಿಡಿದರೆ ನಿಲ್ಲುವ ಸದ್ದು ಕ್ಲಚ್ಚಿನ ಬಟ್ಟಲಿನದು, ಇಲ್ಲವೇ ಅದರ ಹಿಂದಿನ ಗೇರ್ ಶಾಫ್ಟಿನದು. ಬಲಗಡೆಯ ಮುಚ್ಚಳ ಮಾತ್ರ ತೆಗೆದರೆ ಯಾವುದೆಂದು ಗೊತ್ತಾಗುತ್ತದೆ, ಎಂಜಿನ್ ಬಿಚ್ಚಬೇಕಾಗಿಲ್ಲ.

ತೆಗೆದರು. ಎಣ್ಣೆ ಬಸಿದು ಕೆಳಗಿನ ತಟ್ಟೆಗೆ ಬಿತ್ತು. ಅದನ್ನು ಬೆರಳಿನಲ್ಲಿ ಉಜ್ಜಿ, ಯಾವ ಎಣ್ಣೆ ಹಾಕಿಸಿದ್ದೀರಿ ಎಂದು ಕೇಳಿದರು. ಕಡಿಮೆ ಬೆಲೆಗೆ ಸಿಕ್ಕಿತೆಂದು ಇವರು ಕಾರಿನ ಎಣ್ಣೆ ಹಾಕಿಸಿದ್ದರು. ಬೈಕಿನಲ್ಲಿ ಕ್ಲಚ್ಚಿನ ಬಿಲ್ಲೆಗಳು ಎಂಜಿನ್ನಿನ ಎಣ್ಣೆಯಲ್ಲೇ ಮುಳುಗಿರುತ್ತವೆ. ಕಾರಿನ ಎಷ್ಟೋ ಎಣ್ಣೆಗಳಲ್ಲಿ ಘರ್ಷಣೆ ಕಡಿಮೆ ಮಾಡುವ ಮದ್ದು ಬೆರೆಸಿರುತ್ತಾರೆ; ಅದರಲ್ಲಿ ಈ ಬಿಲ್ಲೆಗಳು ಜಾರುತ್ತವೆ. ಬೈಕಿನ ಎಣ್ಣೆಯ ಡಬ್ಬಿಯ ಮೇಲೆ ಜಾಸೋ ಎಂ.ಎ. ಎಂದು ಬರೆದಿರಬೇಕು, ನೋಡಿ ತೆಗೆದುಕೊಳ್ಳಿ. ಬಿಲ್ಲೆಗಳು ಕಪ್ಪಾಗಿದ್ದವು. ಅವನ್ನು ಹಿಡಿದಿಟ್ಟ ಬಟ್ಟಲನ್ನು ಕೈಯಲ್ಲಿ ಅಲ್ಲಾಡಿಸಿದರೆ ಗಟಗಟ ಎನ್ನುತ್ತಿತ್ತು. ಅದೇ ಸದ್ದು. ನಮ್ಮ ಹನ್ನೆರಡು ಸಾವಿರದ ಸದ್ದು.

ಹೊಸ ಬಟ್ಟಲು, ಬಿಲ್ಲೆ, ಸ್ಪ್ರಿಂಗು, ಎಣ್ಣೆ, ಕೂಲಿ ಎಲ್ಲ ಸೇರಿ ಎರಡು ಸಾವಿರದ ಎಂಟುನೂರು ರೂಪಾಯಿ ಆಯಿತು. ಚೈನು ತೊಳೆದು ಎಣ್ಣೆ ಹಾಕಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಮೊದಲು ನೋಡಿದವರ ಮೇಲೆ ನನಗೆ ಸಿಟ್ಟು ಬಂದಿತ್ತು. ಅವರು ಬೇಕೆಂದೇ ಸುಳ್ಳು ಹೇಳಿರಲಿಕ್ಕಿಲ್ಲ, ಕೇಳಲು ಪುರುಸೊತ್ತಿರಲಿಲ್ಲ, ಅಷ್ಟೇ ಎಂದು ಇವರು ಅಂದರು. ನನಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ.

ಗಾಡಿ ಸರಿಯಾಗುವಾಗ ಅಸರ್ ಆಗಿತ್ತು. ಉಸ್ತಾದರು ಕೈ ತೊಳೆಯುತ್ತ ಇವರಿಗೆ ಏನೋ ಹೇಳಿದರು. ಇವರು, "ಆಂ?" ಎಂದರು. ಮತ್ತೆ ಹೇಳಿದರು. ಮತ್ತೆ "ಆಂ?" ಉಸ್ತಾದರು ನನ್ನ ಕಡೆ ತಿರುಗಿ ಮೆಲ್ಲಗೆ, "ಲಾರಿ ಮೇಲಿದ್ದವರಾ?" ಎಂದು ಕೇಳಿದರು. ತಮ್ಮದೂ ಒಂದು ಕಿವಿ ಹೋಗಿದೆ, ಅದಕ್ಕೇ ಸ್ಕ್ರೂಡ್ರೈವರನ್ನು ಯಾವಾಗಲೂ ಎಡಗಿವಿಗೇ ಹಚ್ಚುವುದು ಎಂದರು.

ಮುಂದಿನ ತಿಂಗಳು ಬಳ್ಳಾರಿಯಲ್ಲಿ ಕಿವಿಯ ಪರೀಕ್ಷೆ ಮಾಡಿಸಿದೆವು. ಸದ್ದಡಗಿಸಿದ ಕೋಣೆಯಲ್ಲಿ ಕೂರಿಸಿ, ಬೇರೆ ಬೇರೆ ಎತ್ತರದ ಸ್ವರ ಕೇಳಿಸಿ, ಕೇಳಿಸಿದಾಗ ಗುಂಡಿ ಒತ್ತಲು ಹೇಳುತ್ತಾರೆ. ಕಾಗದದ ಮೇಲೆ ಬಂದ ಗೆರೆ ಎಡಗಡೆ ಸಮನಾಗಿತ್ತು, ಬಲಗಡೆ 4,000 ಹರ್ಟ್ಸ್ ಹತ್ತಿರ ಸಂಡೂರಿನ ಇಳಿಜಾರಿನಂತೆ ಕೆಳಗಿಳಿದಿತ್ತು. 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಹೀಗಾಗುತ್ತದೆ, ಮೊದಲು ಹೋಗುವುದು ಎತ್ತರದ ಸ್ವರಗಳು ಎಂದು ವೈದ್ಯೆ ವಿವರಿಸಿದರು. ದಪ್ಪ ಸದ್ದುಗಳು ಉಳಿಯುತ್ತವೆ. ಹಕ್ಕಿಯ ದನಿ, ಮಕ್ಕಳ ದನಿ, ಹೆಂಗಸರ ದನಿ, ಸ, ಶ, ಫ ಇಂತಹ ಅಕ್ಷರಗಳು ಅಳಿಸಿಹೋಗುತ್ತವೆ. ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಅದಕ್ಕೇ ಅವರು ಸುಮ್ಮನಿರುತ್ತಾರೆ ಎಂದರು. ಒಳಗಿವಿಯ ಸೂಕ್ಷ್ಮ ಕೂದಲಿನಂತಹ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಇವರು ಎಲ್ಲವನ್ನೂ ಕೇಳಿಸಿಕೊಂಡು, "ಹಾಗಾದರೆ ಇದನ್ನು ಬಿಚ್ಚುವ ಹಾಗೂ ಇಲ್ಲ" ಎಂದರು. ವೈದ್ಯೆಗೆ ಅರ್ಥವಾಗಲಿಲ್ಲ. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಗಾಡಿಯಲ್ಲಿ ಉಳಿದ ಒಂಬತ್ತು ಸಾವಿರಕ್ಕೆ ಇನ್ನಷ್ಟು ಸೇರಿಸಿ ಒಂದು ಕಿವಿಗೆ ಶ್ರವಣ ಸಾಧನ ತಂದೆವು. ಮಗಳೇ ಹೇಳಿದಳು, ಕಾಲೇಜಿನ ಹಣ ಜೂನ್‌ವರೆಗೆ ಬೇಕಾಗಿಲ್ಲ ಎಂದು. ಸಂಡೂರಿಗೆ ಫೋನ್ ಮಾಡಿ ನಾದಿನಿಗೂ ವಿಷಯ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ಮೊಮ್ಮಗಳನ್ನು ಕರೆದು ಫೋನ್ ಕೊಟ್ಟರು.

ಸಾಧನ ಹಾಕಿಕೊಂಡ ಮೊದಲ ದಿನ ಬೆಳಿಗ್ಗೆ ಇವರು ಡಬ್ಬಿ ಕಟ್ಟಿ, ಗಾಡಿ ಚಾಲೂ ಮಾಡಿ, ಹತ್ತದೆ ಹಾಗೆಯೇ ನಿಂತುಬಿಟ್ಟರು. ಬಾಗಿ ಎಂಜಿನ್ನಿನ ಮೇಲ್ಭಾಗವನ್ನು ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಏನೋ ಟಿಕ್ ಟಿಕ್ ಅಂತಿದೆ. ಕಂಪ್ಲಿಗೆ ಹೋಗಿ ತೋರಿಸಿಕೊಂಡು ಬರಬೇಕು" ಎಂದರು.

"ಅದು ಟ್ಯಾಪೆಟ್. ಇರಲಿ ಬಿಡಿ" ಎಂದೆ.